ಫ್ಯಾನಿದ್ದ ಕಾರ್ಡು

ಚಂದ್ರಮೌಳಿಗೆ ಬೇಕಾಗಿದ್ದದ್ದು ಕಾರು. ರಸ್ತೆ ಮೇಲಿನದಲ್ಲ, ಕಂಪ್ಯೂಟರಿನೊಳಗೆ ಓಡುವ ಕಾರು. ಆಫೀಸಿನ ಗೆಳೆಯನ ಮನೆಯಲ್ಲಿ ಒಂದು ಸಲ ಆ ರೇಸ್ ಆಡಿ ಬಂದಿದ್ದೇ ಬಂದಿದ್ದು, ನಲವತ್ತರ ಹತ್ತಿರದ ಈ ಗುಮಾಸ್ತ ಊಟದ ತಟ್ಟೆಯನ್ನೂ ಸ್ಟೇರಿಂಗಿನ ಹಾಗೆ ತಿರುಗಿಸತೊಡಗಿದ್ದ. ಆದರೆ ಕೇಳುವುದು ಯಾರನ್ನ? ಅಪ್ಪ ಚನ್ನಬಸವಯ್ಯನವರು ರಿಟೈರಾದ ಹೆಡ್‌ಮೇಷ್ಟ್ರು. ಮನೆಯಲ್ಲಿ ಇಸ್ಪೀಟು ಎಲೆ ಕಂಡರೆ ಸೀದಾ ಬಚ್ಚಲೊಲೆಗೆ ಹಾಕುವ ಮನುಷ್ಯ.

ಹಾಗಾಗಿ ಹೆಂಡತಿಗೊಂದು ಸುಳ್ಳು ಹೇಳಿದ. "ಸುಷ್ಮಾ, ನಮ್ಮ ಮದುವೆ ಕ್ಯಾಸೆಟ್ಟಲ್ಲಿ ನಿನಗಿಂತ ಸಾರಿನ ಬಕೆಟ್ಟೇ ಜಾಸ್ತಿ ಕಾಣುತ್ತಲ್ಲ? ಅದನ್ನೆಲ್ಲ ಕತ್ತರಿಸಿ, ಬರೀ ನೀನೇ ಇರೋ ಹಾಗೆ ಮಾಡ್ಕೊಡ್ತೀನಿ. ಎಡಿಟಿಂಗ್ ಅಂತಾರೆ. ಅದಕ್ಕೊಂದು ಕಂಪ್ಯೂಟರ್ ಬೇಕು, ಅಷ್ಟೆ."

ಮದುವೆಯಾದಾಗಿನಿಂದ ಆ ಬಕೆಟ್ಟಿನ ಮೇಲೆ ಹಲ್ಲು ಕಡಿಯುತ್ತಿದ್ದ ಸುಷ್ಮಾಳಿಗೆ ಕಣ್ಣು ತುಂಬಿ ಬಂತು. "ನನ್ನ ಮೇಲೆ ಇಷ್ಟು ಪ್ರೀತಿ ಇಟ್ಕೊಂಡಿದೀರಾ ರೀ!" ಅಂದಳು. ಚಂದ್ರಮೌಳಿಗೆ ಒಂದು ಗಳಿಗೆ ನಾಚಿಕೆಯಾಯಿತು. ಮರುಗಳಿಗೆಗೆ ಕಾರು ನೆನಪಾಗಿ, ನಾಚಿಕೆ ಹೊರಟುಹೋಯಿತು.

ಆಯುಧಪೂಜೆಯ ಬೆಳಗ್ಗೆಯೇ ಅಂಗಡಿಗೆ ಹೊರಟ. ಗೆಳೆಯನಿಂದ ತಂದ ಕಾರ್ ರೇಸಿನ ಸಿಡಿಯನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದ. ಅಂಗಡಿಯಲ್ಲೇ ಒಂದು ಸಲ ಓಡಿಸಿ ನೋಡೋಣ ಅನ್ನೋ ಆಸೆ. ಅಷ್ಟರಲ್ಲಿ ಅಪ್ಪ ಶಲ್ಯ ಹೊದ್ದು ಬಂದರು. "ಕಬ್ಬಿಣದ ಸಾಮಾನು ತಗೊಳ್ಳೋವಾಗ ಹಿರಿಯರು ಇರಬೇಕು ಕಣೋ."

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ದೊರೆಸ್ವಾಮಿಯವರ ತಲೆ ಎದ್ದಿತು. ಮನೆ ಲೆಕ್ಕ ಬರೆಯೋಕೆ ಅಂತ ಹೋದ ವರ್ಷ ಕಂಪ್ಯೂಟರ್ ತಂದಾಗಿನಿಂದ ಬೀದಿಗೆಲ್ಲ ಅವರೇ ಪಂಡಿತರು. "ನನ್ನ ಬಿಟ್ಟು ಹೋಗ್ಬಿಟ್ರೆ ಟೋಪಿ ಹಾಕ್ತಾರೆ ಮೌಳಿ. ಇರಿ, ಚಪ್ಪಲಿ ಮೆಟ್ಕೊಂಡ್ ಬಂದ್ಬುಟ್ಟೆ."

ಮಾವಿನೆಲೆ ಕಟ್ಟಿಸಿಕೊಂಡು ನಿಂತಿದ್ದ ಅಂಗಡಿಯಲ್ಲಿ ಮಾಲೀಕ ರಾಜೇಶ್ ಮೊದಲ ಪ್ರಶ್ನೆಯಲ್ಲೇ ಬೆಂಕಿ ಇಟ್ಟ. "ಎಡಿಟಿಂಗಿಗಾ ಸಾರ್, ಗೇಮಿಗಾ?"

"ಛೆ ಛೆ, ಗೇಮಾ? ಎಡಿಟಿಂಗಿಗೆ!" ಅಂತ ಚಂದ್ರಮೌಳಿ ಕಿರುಚಿದ ರಭಸಕ್ಕೆ ಅಪ್ಪನೇ ತಿರುಗಿ ನೋಡಿದರು.

ಆಮೇಲೆ ಶುರುವಾಯಿತು ನೋಡಿ. ಅಪ್ಪ ಕ್ಯಾಬಿನೆಟ್ಟುಗಳನ್ನು ತೆಂಗಿನಕಾಯಿಯ ಹಾಗೆ ಬೆರಳಲ್ಲಿ ಬಡಿದು, ಕಿವಿಗೊಟ್ಟು, ಇದ್ದುದರಲ್ಲೇ ಭಾರವಾದದ್ದನ್ನು ಆರಿಸಿದರು. ದೊರೆಸ್ವಾಮಿ "ರ್‍ಯಾಮ್ ಜಾಸ್ತಿ ಹಾಕು, ಮಾನಿಟರ್ ಪೂರ್ವಕ್ಕೆ ತಿರುಗೋ ಹಾಗಿರಬೇಕು" ಅಂತ ಅಪ್ಪಣೆ ಕೊಡಿಸಿದರು. ಮಾನಿಟರ್ ಎತ್ತ ಬೇಕಾದರೂ ತಿರುಗುತ್ತದೆ ಅಂತ ರಾಜೇಶ್ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ರಾಜೇಶ್ ಎರಡು ಡಬ್ಬ ಮುಂದಿಟ್ಟ. "ಇದು ಕ್ಯಾಪ್ಚರ್ ಕಾರ್ಡ್. ಕ್ಯಾಸೆಟ್ಟಲ್ಲಿರೋ ಪಿಕ್ಚರನ್ನ ಕಂಪ್ಯೂಟರ್ ಒಳಕ್ಕೆ ಎಳ್ಕೊಳ್ಳುತ್ತೆ. ಇನ್ನೊಂದು ಫ್ಯಾನಿರೋದು, ಗ್ರಾಫಿಕ್ಸ್ ಕಾರ್ಡ್. ಅದು ಗೇ..."

"ಅದೇ ಕೊಡಿ!" ಅಂದ ಚಂದ್ರಮೌಳಿ, ರಾಜೇಶನ ಕಾಲು ಮೆಟ್ಟುತ್ತ. "ಇಲ್ಲದಿದ್ರೆ ಸೀರೆ ಜರಿ ಮಿಂಚಲ್ಲ ಅಪ್ಪಾಜಿ. ಅದೊಂದಿದ್ರೆ ಸಾಕು."

ದೊರೆಸ್ವಾಮಿ ಆ ಫ್ಯಾನನ್ನು ಬೆರಳಲ್ಲಿ ತಿರುಗಿಸಿ, "ಜರಿಗೆ ಫ್ಯಾನಾ?" ಅಂದರು. ಆಮೇಲೆ ಯಾಕೋ ನೆಲಕ್ಕೆ ಬಗ್ಗಿ ಎದ್ದರು.

ಆಟೋದಲ್ಲಿ ಮನೆಗೆ ಬಂದು ಪೇಪರ್ ಬಿಚ್ಚಿದರೆ, ಶಿವನೇ, ಸಿಡಿ ಇಲ್ಲ! ಚಂದ್ರಮೌಳಿ ಬೆವರಿಹೋದ. ಅಪ್ಪನ ಕೈಗೇನಾದರೂ ಸಿಕ್ಕಿದ್ದರೆ ಇವತ್ತು ಬಚ್ಚಲೊಲೆಗೆ ಹೋಗುವುದು ಬರೀ ಸಿಡಿಯಲ್ಲ. ಕದ್ದು ನೋಡಿದ. ಅಪ್ಪ ವಿಭೂತಿ ಹಚ್ಚಿಕೊಳ್ಳುತ್ತಿದ್ದರು, ಮುಖದಲ್ಲಿ ಸಿಟ್ಟಿನ ಸುಳಿವಿಲ್ಲ. ಹೋಗಲಿ, ಇನ್ನೊಂದು ಸಿಡಿ ಸಿಕ್ಕುತ್ತೆ, ಕಾರ್ಡಂತೂ ಒಳಗಿದೆಯಲ್ಲ ಅಂತ ಸಮಾಧಾನ ಮಾಡಿಕೊಂಡ.

ಅಷ್ಟರಲ್ಲಿ ಕಡ್ಲೆಪುರಿ ಹಂಚುವ ನೆಪದಲ್ಲಿ ಬೀದಿಗೆ ಬೀದಿಯೇ ಮನೆಯೊಳಗೆ ಬಂತು. ಎದುರುಮನೆ ಪ್ರೇಮಲೀಲಾ ಒಂದು ಕೈಯಲ್ಲಿ ಪುರಿ, ಇನ್ನೊಂದು ಕೈಯಲ್ಲಿ ಮಗಳ ಆರತಿ ಶಾಸ್ತ್ರದ ಕ್ಯಾಸೆಟ್ ಹಿಡಿದಿದ್ದರು. "ನಮ್ದೂ ಒಂಚೂರು ಎಡಿಟಿಂಗು ಮಾಡ್ಕೊಡಿ ಮೌಳಿಯವ್ರೇ. ನನ್ನ ನಾದಿನಿ ಎಲ್ಲೂ ಕಾಣಬಾರದು ಕಣ್ರೀ." ಅಷ್ಟು ಹೇಳಿ, ಸಿಡಿ ಇಡುವ ತಟ್ಟೆಯ ಮೇಲೆ ಇಟ್ಟಿಗೆಯಂಥ ಕ್ಯಾಸೆಟ್ ಇಟ್ಟು ಒಳಕ್ಕೆ ತಳ್ಳಿದರು. "ಅಯ್ಯೋ, ಹಿಡ್ಸಲ್ವಲ್ಲ?"

ಇದೇ ಸಮಯ ಅಂದುಕೊಂಡ ಚಂದ್ರಮೌಳಿ ಹಣೆ ಚಚ್ಚಿಕೊಂಡ. "ಥತ್, ಕ್ಯಾಸೆಟ್ ಎಳ್ಕೊಳ್ಳೋ ಕಾರ್ಡೇ ಹಾಕಿಸಿಲ್ಲ! ದೀಪಾವಳಿ ಕಳೀಲಿ, ನೋಡೋಣ."

ಸುಷ್ಮಾಳ ಮುಖ ಬಾಡಿತು. ಅದನ್ನು ನೋಡಿ ಎಲ್ಲರಿಗಿಂತ ಮೊದಲು ಕರಗಿದವರು ದೊರೆಸ್ವಾಮಿ. "ದೀಪಾವಳಿ ಯಾಕ್ ಬುಡಿ! ಫ್ಯಾನಿರೋ ಕಾರ್ಡ್ ವಾಪಸ್ ಕೊಟ್ಟು ಇನ್ನೊಂದು ತಗೊಂಡ್ರಾಯ್ತು. ರಾಜೇಶನ್ನ ಮನೇಗೇ ಕರೆಸ್ತೀನಿ."

"ಅದು ಹೋದ್ರೆ ಜರಿ..."

"ಜರಿ ಹಾಳಾಗ್ಲಿ ರೀ, ಮೊದಲು ನನ್ನ ಮುಖ ಬರ್ಲಿ!" ಅಂದಳು ಸುಷ್ಮಾ.

ಉಳಿದದ್ದು ಒಂದೇ ದಾರಿ. "ಅಪ್ಪಾಜಿ, ಆಯುಧಪೂಜೆ ದಿನ ಆಯುಧ ಬಿಚ್ಚಬಾರದಲ್ವಾ?"

ಕೈಯಲ್ಲಿ ಬೂದುಗುಂಬಳ ಹಿಡಿದಿದ್ದ ಚನ್ನಬಸವಯ್ಯನವರು ಮಗನನ್ನು ದುರುಗುಟ್ಟಿ ನೋಡಿದರು. "ಪೂಜೆ ಆದ್ಮೇಲೆ ಬಿಚ್ಚಬಾರದು. ಇನ್ನೂ ಆಗಿಲ್ವಲ್ಲ? ಕಾಯಕಕ್ಕೆ ಬಾರದ ಆಯುಧಕ್ಕೆ ಪೂಜೆ ಎಂಥದ್ದು? ಬಿಚ್ಚಿಸು!"

ರಾಜೇಶ್ ಬಂದ, ಬಿಚ್ಚಿದ, ಕ್ಯಾಪ್ಚರ್ ಕಾರ್ಡ್ ಕೂರಿಸಿದ, ಫ್ಯಾನಿದ್ದ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಹೋದ. ಕ್ಯಾಬಿನೆಟ್ಟಿಗೆ ಕುಂಕುಮ ಬಿತ್ತು, ಕುಂಬಳಕಾಯಿ ಒಡೆಯಿತು. ಚಂದ್ರಮೌಳಿಯ ಎದೆಯೂ ಅದರ ಜೊತೆಗೇ ಒಡೆಯಿತು, ಯಾರಿಗೂ ಕೇಳಿಸಲಿಲ್ಲ ಅಷ್ಟೆ.

ಸಂಜೆ ವಿಸಿಆರನ್ನು ಕಂಪ್ಯೂಟರಿಗೆ ಜೋಡಿಸಿ, ಮದುವೆ ಕ್ಯಾಸೆಟ್ ಹಾಕಿ ಕೂತರು. ಅದು ಎಷ್ಟು ಹೊತ್ತಿನದೋ ಅಷ್ಟು ಹೊತ್ತೂ ಓಡಿದರೇನೇ ಒಳಗೆ ಹೋಗುವುದಂತೆ. ಕಂಪ್ಯೂಟರಿನ ಮೇಲೆ ಪ್ರೇಮಲೀಲಾರದ್ದೂ ಸೇರಿ ಬೀದಿಯ ಕ್ಯಾಸೆಟ್ಟುಗಳು ಗೋಪುರದ ಹಾಗೆ ಕಾದಿದ್ದವು. ತೆರೆಯ ಮೇಲೆ ಪಂಕ್ತಿಯ ಊಟ ಇನ್ನೂ ಶುರುವಾಗಿತ್ತಷ್ಟೆ, ಕಿಟಕಿಯಿಂದ ಒಂದು ಸದ್ದು ಬಂತು. ಗುರ್ರ್... ಕಿರ್ರ್... ಢಮಾರ್!

ಚಂದ್ರಮೌಳಿಗೆ ಆ ಸದ್ದು ಗೊತ್ತು. ಎದ್ದವನೇ ಕಾಂಪೌಂಡಿನ ಮೇಲಿಂದ ಬಗ್ಗಿದ. ತೆರೆದ ಕಿಟಕಿಯೊಳಗೆ ದೊರೆಸ್ವಾಮಿ ನಾಲಿಗೆ ಕಚ್ಚಿಕೊಂಡು, ಇಡೀ ಮೈಯನ್ನು ಎಡಕ್ಕೆ ವಾಲಿಸಿ, ಕಾರು ತಿರುಗಿಸುತ್ತಿದ್ದರು.

"ಓ, ಬನ್ನಿ ಮೌಳಿ!" ಅಂದರು, ಕಣ್ಣು ಕೀಳದೆ. "ರಾಜೇಶ್ ಆ ಕಾರ್ಡನ್ನ ಅರ್ಧ ರೇಟಿಗೆ ಕೊಟ್ಬುಟ್ಟ. ಈ ಸಿಡಿ ಅಂಗಡೀಲಿ ನಿಮ್ಮ ಪೇಪರಿಂದ ಬಿತ್ತು. ಕೊಡೋಣ ಅಂತಿದ್ದೆ, ಅಪ್ಪಾಜಿ ಎದುರಿಗೆ ಹೆಂಗೆ ಕೊಡೋದು ಹೇಳಿ?"

ಚಂದ್ರಮೌಳಿ ಬಾಯಿ ತೆರೆದ. ಜಗಳಕ್ಕೆ ನಿಂತರೆ ಅಪ್ಪಾಜಿ ಕೇಳಿಸಿಕೊಳ್ಳುತ್ತಾರೆ. ಬಾಯಿ ಮುಚ್ಚಿದ. "ಒಂದೇ ಒಂದು ಸಲ ನಾನೂ..." ಅಂತ ಪಿಸುಗುಟ್ಟುವಷ್ಟರಲ್ಲಿ ಮನೆಯೊಳಗಿಂದ ಸುಷ್ಮಾ ಕೂಗಿದಳು. "ರೀ, ಬೇಗ ಬನ್ನಿ! ಸಾರಿನ ಬಕೆಟ್ ಬಂತು, ಕತ್ತರಿಸ್ಬೇಕು!"

"ಹೋಗಿ ಹೋಗಿ, ಕರೀತಿದಾರೆ" ಅಂದರು ದೊರೆಸ್ವಾಮಿ. "ಅಂದಂಗೆ ಮೌಳಿ, ಆ ಬಕೆಟ್ ಮಾತ್ರ ತೆಗೀಬೇಡಿ. ನಿಮ್ಮ ಮದುವೇಲಿ ಅದನ್ನ ಹಿಡ್ಕೊಂಡು ಓಡಾಡಿದ್ದು ನಾನೇ."