ಬೇಕಂತಲೇ ಸೋತವನು

ದಿನವಿಡೀ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು, ವೈದ್ಯರ ಬ್ರಹ್ಮಲಿಪಿಯನ್ನು ಓದಿ ಓದಿ ಸುಸ್ತಾಗಿ ಮನೆಗೆ ಬರುವ ನನಗೆ ಬೇಕಾಗಿರುವುದು ಒಂದು ಕುರ್ಚಿ. ಸಿಗುವುದು ಮಾತ್ರ ರಣರಂಗ. ಒಂಬತ್ತು ವರ್ಷದ ಮಗಳಿಗೂ ಏಳು ವರ್ಷದ ಮಗನಿಗೂ ಚೆಸ್ ಹುಚ್ಚು. ಸೋತರೆ ಮಗಳು ಹಲಗೆಯನ್ನೇ ಮಗುಚುತ್ತಾಳೆ. ಗೆದ್ದರೆ ಮಗ ಸೋಫಾ ಹತ್ತಿ ಕುಣಿಯುತ್ತಾನೆ. ಆನೆ, ಕುದುರೆಗಳೆಲ್ಲ ದಿಕ್ಕಾಪಾಲಾಗಿ ಮಂಚದ ಕೆಳಗೆ ಸೇರುತ್ತವೆ. ಹೊಟ್ಟೆಯ ಮೇಲೆ ತೆವಳಿ ಅವನ್ನು ಹಿಡಿದು ತರುವ ಮಾವುತ ನಾನೇ. (ಕಾಯಂ ಹುದ್ದೆ.)

"ಏನ್ರೀ, ಮಕ್ಕಳಿಗೆ ಸೋಲೋದು ಹೇಗೆ ಅಂತ ಸ್ವಲ್ಪ ಕಲಿಸಬಾರ್ದಾ?" ಎಂದಳು ಹೆಂಡತಿ. "ಅದರಲ್ಲಿ ನಿಮಗಿರೋ ಅನುಭವ ನನಗೆಲ್ಲಿದೆ?"

ಪ್ರಶಂಸೆಯನ್ನು ನುಂಗಿಕೊಂಡೆ. ಆಗಲೇ ಹೊಳೆಯಿತು ಆ ಮಹಾಯೋಜನೆ: ದಿನಾ ಮಗಳ ಜೊತೆ ನಾನೇ ಆಡುವುದು, ಬೇಕಂತಲೇ ಸೋಲುವುದು, ನಗುನಗುತ್ತ ಕೈಕುಲುಕುವುದು.

ಮೂರು ವಾರದಲ್ಲಿ ಹದಿನೆಂಟು ಸೋಲು! ನನ್ನ ರಾಣಿಯನ್ನು ಅವಳ ಕುದುರೆಯ ಬಾಯಿಗೆ ನಾನೇ ಕೊಟ್ಟು, "ಶಭಾಷ್ ಮಗಳೇ!" ಎಂದು ಹಲ್ಲು ಕಿರಿಯುತ್ತಿದ್ದೆ. ಫಲವೂ ಕಂಡಿತು. ಒಂದು ಸಂಜೆ ತಮ್ಮನಿಗೆ ಸೋತ ಮಗಳು, ಮೂಗಿನ ತುದಿ ಕೆಂಪಗಾದರೂ, ಅವನತ್ತ ಕೈ ಚಾಚಿದಳು. ಅವನು ಗಾಬರಿಯಾಗಿ ಕುಣಿಯುವುದನ್ನೇ ಮರೆತ. ನಾನು ಒಳಗೊಳಗೇ ಬೀಗಿದೆ.

ಭಾನುವಾರ ನನ್ನ ಭಾವಮೈದುನ ಬಂದ. "ಬನ್ನಿ ಭಾವ, ಒಂದಾಟ ಹಾಕೋಣ."

ಮಗಳು ಅಡ್ಡ ಬಂದಳು. "ಬೇಡ ಮಾಮ. ಅಪ್ಪನಿಗೆ ಆಡೋಕೇ ಬರಲ್ಲ, ಪಾಪ."

"ಯಾರಂದಿದ್ದು? ಇಷ್ಟು ದಿನ ಬೇಕಂತಲೇ ಸೋಲ್ತಿದ್ದೆ!" ಬಾಯಿ ಜಾರಿತು.

ಮಗಳ ತುಟಿ ನಡುಗಿತು. "ಹಾಗಾದ್ರೆ ನಾನು ಒಂದ್ಸಲನೂ ಗೆದ್ದಿಲ್ವಾ?"

ಹದಿನೆಂಟು ಸೋಲಿಗಿಂತ ಆ ಒಂದು ಪ್ರಶ್ನೆ ಭಾರವಾಗಿತ್ತು. ಅವಳೇ ಕಣ್ಣೊರೆಸಿಕೊಂಡು ಕಾಯಿ ಜೋಡಿಸಿದಳು. "ಈಗ ನಿಜವಾಗ್ಲೂ ಆಡಿ."

ಇನ್ನು ಮೋಸ ಬೇಡ, ಪ್ರಾಮಾಣಿಕವಾಗಿ ಆಡಿ, ಮೆತ್ತಗೆ ಗೆದ್ದು, ಆಮೇಲೆ ಸಮಾಧಾನ ಮಾಡಿದರಾಯಿತು ಎಂದುಕೊಂಡೆ. ಐದು ನಿಮಿಷದಲ್ಲಿ ಒಂದು ಒಂಟೆ ಹೋಯಿತು. ಹತ್ತು ನಿಮಿಷಕ್ಕೆ ಹಣೆಯಲ್ಲಿ ಬೆವರು. ಇಪ್ಪತ್ತನೆಯ ನಿಮಿಷಕ್ಕೆ ನನ್ನ ರಾಜ ಮೂಲೆ ಸೇರಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ.

"ಚೆಕ್‌ಮೇಟ್."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಇದೂ ಬೇಕಂತಲೇನಾ ರೀ?"

"ಬೆಳಕು ಸರಿ ಇರಲಿಲ್ಲ! ಇವನು ಪಕ್ಕದಲ್ಲಿ ಕೂತು ಕೆಮ್ತಾನೆ! ಆ ಕೊನೇ ನಡೆ ಲೆಕ್ಕಕ್ಕಿಲ್ಲ!" ಎಂದು ಕೂಗಾಡಿದೆ. ಭಾವಮೈದುನ ಕೆಮ್ಮಿದ್ದನೋ ನಕ್ಕಿದ್ದನೋ, ಇಂದಿಗೂ ಇತ್ಯರ್ಥವಾಗಿಲ್ಲ.

ಮಗಳು ಎದ್ದು ಬಂದು ನನ್ನ ಬೆನ್ನು ಸವರಿದಳು.

"ಬೇಜಾರು ಮಾಡ್ಕೋಬೇಡಿ ಅಪ್ಪ. ನಾಳೆ ಬೇಕಾದ್ರೆ ನಾನು ಸೋತುಕೊಡ್ತೀನಿ."

'ಬೇಡಮ್ಮ' ಎನ್ನಬೇಕಿತ್ತು. ತಂದೆಯಾದವನಿಗೆ ಅದೇ ಶೋಭೆ.

"ಬಿಳಿ ಕಾಯಿ ನನಗೇ ತಾನೇ?" ಎಂದು ಕೇಳಿದೆ.