ರಾಕ್ಷಸ ಹಲ್ಲಿಗಳೂ ದೇವದುರ್ಗದ ನೆಂಟರೂ

ಬಾಡಿಗೆ ಮನೆ ಹುಡುಕುವವರಿಗೆ ನನ್ನದೊಂದು ಬುದ್ಧಿಮಾತು: ನೀರಿಲ್ಲದಿದ್ದರೂ ನಡೆದೀತು, ಗಾಳಿಯಿಲ್ಲದಿದ್ದರೂ ನಡೆದೀತು, ಬಸ್ ನಿಲ್ದಾಣಕ್ಕೆ ಹತ್ತಿರದ ಮನೆ ಮಾತ್ರ ಬೇಡ. ಎಪ್ಪತ್ತರ ದಶಕದ ಕೊನೆಗೆ ರಾಯಚೂರಿನಲ್ಲಿ ಗುಮಾಸ್ತಗಿರಿ ಮಾಡುತ್ತಿದ್ದಾಗ, ಕಚೇರಿಗೂ ಹತ್ತಿರ, ಬಸ್ಸಿಗೂ ಹತ್ತಿರ ಎಂದು ಹಿಗ್ಗಿ ಅಂಥದೊಂದು ಮನೆ ಹಿಡಿದೆ. ದೇವದುರ್ಗದಿಂದಲೂ ಮಾನವಿಯಿಂದಲೂ ಬರುವ ನೆಂಟರಿಗೆ ಅದು ಅಷ್ಟೇ ಹತ್ತಿರ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಹಲ್ಲು ಕೀಳಿಸುವವರು, ಕೋರ್ಟಿನಲ್ಲಿ ವಾಯಿದೆ ಇದ್ದವರು, ಹೆಣ್ಣು ನೋಡಲು ಬಂದವರು, ನೋಡಿದ ಹೆಣ್ಣು ಒಪ್ಪಿಗೆಯಿಲ್ಲವೆಂದು ಹೇಳಲಾರದೆ ತಲೆಮರೆಸಿಕೊಂಡವರು, ಎಲ್ಲರೂ ಬಂದಿಳಿಯುತ್ತಿದ್ದುದು ನಮ್ಮಲ್ಲೇ. "ಬಸ್ಸು ಸಂಜೀಕ ಅದ, ಅಲ್ಲೀತನಕ ಒಂದೀಟು ಅಡ್ಡಾಗೂಣಂತ ಬಂದ್ವಿ" ಎನ್ನುತ್ತಿದ್ದರು. ಆ ಸಂಜೆ ಯಾವ ವಾರದ್ದೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಬಂದವರಿಗೆ ಊರು ತೋರಿಸಬೇಕಲ್ಲ. ಕೋಟೆ ಹತ್ತಿಸಿದರೆ ರಾಯಚೂರಿನ ಬಿಸಿಲಿಗೆ ತಲೆನೋವು ಬಂದು ಹಾಸಿಗೆ ಹಿಡಿಯುತ್ತಿದ್ದರು. ಹಾಸಿಗೆ ಹಿಡಿದರೆ ಇನ್ನೆರಡು ದಿನ ಹೆಚ್ಚಿಗೆ ಉಳಿಯುತ್ತಿದ್ದರು. ಆದ್ದರಿಂದ ಸಿನಿಮಾ. ಊರಿನ ಟಾಕೀಸೊಂದರಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಒಂದು ಹಳೆಯ ಇಂಗ್ಲಿಷ್ ಚಿತ್ರ ಬರುತ್ತಿತ್ತು. ದಾರಿ ತಪ್ಪಿದ ಹಡಗಿನವರು ಯಾವುದೋ ದ್ವೀಪಕ್ಕೆ ಹೋಗುತ್ತಾರೆ, ಅಲ್ಲಿ ಮನೆಯೆತ್ತರದ ಪ್ರಾಣಿಗಳು ಅವರನ್ನು ಅಟ್ಟಿಸಿಕೊಂಡು ಬರುತ್ತವೆ. ನಮ್ಮ ನೆಂಟರು ಅವಕ್ಕೆ ರಾಕ್ಷಸ ಹಲ್ಲಿ ಎಂದು ಹೆಸರಿಟ್ಟಿದ್ದರು. ಚಿತ್ರ ಹೋದಂತೆ ಮಾಡಿ ಮತ್ತೆ ಬರುತ್ತಿತ್ತು, ಅದೂ ನಮ್ಮ ನೆಂಟರ ಪೈಕಿಯೇ ಇರಬೇಕು. ರೀಲು ಸವೆದು, ಬಿಸಿಲಿನ ದೃಶ್ಯದಲ್ಲೂ ಪರದೆಯ ಮೇಲೆ ಮಳೆ ಸುರಿಯುತ್ತಿತ್ತು. ಆದರೂ ಜನ ಮುಗಿಬೀಳುತ್ತಿದ್ದರು. ಇದರ ಗುಟ್ಟೇನೆಂದು ದೇವದುರ್ಗದ ನಮ್ಮ ಕಾಕಾನನ್ನು ಒಮ್ಮೆ ಕೇಳಿದೆ. "ಅದ್ರಾಗ ಲಗ್ನ ಇಲ್ಲ, ಮುಂಜಿವಿ ಇಲ್ಲ, ಹೊಲದ ಪಾಲಿಲ್ಲ. ಓಡೂದೊಂದ ಕೆಲಸ. ನೋಡಿದ್ರ ಜೀವಕ್ಕ ಹಗುರ ಆಗತದ" ಎಂದರು.

ನನ್ನ ಜೀವಕ್ಕೇನೂ ಹಗುರವಾಗಲಿಲ್ಲ. ನೆಂಟರ ಪ್ರತಿಯೊಂದು ತಂಡದ ಜೊತೆಗೂ ನಾನೇ ಹೋಗಬೇಕು. ಯಾವ ಮರ ಬೀಳುತ್ತದೆ, ಯಾವ ದಪ್ಪ ಮನುಷ್ಯ ಎಡವುತ್ತಾನೆ, ಎಲ್ಲ ಬಾಯಿಪಾಠವಾಗಿತ್ತು. ಬಾಗಿಲಲ್ಲಿ ಟಿಕೆಟು ಹರಿಯುವ ಮೆಹಬೂಬ ನನ್ನನ್ನು ಕಂಡೊಡನೆ, "ಇವತ್ತ ಯಾವ ಊರಿನವರ್ರೀ ಸಾಹೇಬ್ರ, ದೇವದುರ್ಗನೋ ಮಾನವಿನೋ?" ಎಂದು ಕೇಳುತ್ತಿದ್ದ. ವಾರವಿಡೀ ಕಚೇರಿಯಲ್ಲಿ ದುಡಿದು ಭಾನುವಾರವೂ ಹಲ್ಲಿಗಳ ಪಾಲಾಯಿತಲ್ಲ ಎಂದು ನನಗೆ ನನ್ನ ಮೇಲೆಯೇ ಕನಿಕರ ಬರುತ್ತಿತ್ತು. ಲೋಕದಲ್ಲಿ ನನ್ನಷ್ಟು ದಣಿದವನಿಲ್ಲ ಎಂದೇ ನಂಬಿದ್ದೆ.

ಒಂದು ರಾತ್ರಿ ಊಟಕ್ಕೆ ಕೂತಾಗ ಕಾಕಾ ಆ ಚಿತ್ರದ ಕಥೆ ಹೇಳುತ್ತ ನಡುವೆ ಮರೆತರು. ಸಾರು ಬಡಿಸುತ್ತಿದ್ದ ನನ್ನ ಹೆಂಡತಿ ಪದ್ಮಾ ಸೌಟು ಹಿಡಿದುಕೊಂಡೇ ಮುಂದಿನ ಕಥೆಯೆಲ್ಲ ಹೇಳಿದಳು; ಹಲ್ಲಿ ಹೇಗೆ ಕತ್ತು ತಿರುಗಿಸುತ್ತದೆ ಎಂಬುದನ್ನೂ ಬಿಡಲಿಲ್ಲ.

"ನೀ ಎಷ್ಟ ಸಲ ನೋಡೀಯವ್ವಾ?" ಎಂದು ಕಾಕಾ ಬೆರಗಾದರು.

"ನಾ ಎಲ್ಲಿ ನೋಡೀನ್ರೀ ಕಾಕಾ? ನೀವೆಲ್ಲಾ ಸಿನಿಮಾಕ್ಕ ಹೋದಾಗ ಅಡಗಿ ಯಾರು ಮಾಡಬೇಕು? ಬಂದವರು ಊಟಕ್ಕ ಕೂತು ಹೇಳೂದು ಕೇಳೀನಿ, ಅಷ್ಟ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದಕ್ಕೇ ನನಗೆ ನಾಚಿಕೆಯಾಯಿತು. ಕಾಕಾ, "ಈ ಐತವಾರ ನೀವಿಬ್ಬರ ಹೋಗಿ ಬರ್ರಿ. ನಾ ಮಂಡಾಳ ಒಗ್ಗರಣಿ ಮಾಡ್ಕೊಂಡು ತಿಂತೀನಿ" ಎಂದರು.

ಭಾನುವಾರ ಪದ್ಮಾ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಹೊರಟಳು. ಬಾಗಿಲಲ್ಲಿ ಮೆಹಬೂಬ ರೂಢಿಯಂತೆ, "ಇವರು ಯಾವ ಊರಿನವರ್ರೀ ಸಾಹೇಬ್ರ?" ಎಂದ. "ನಮ್ಮ ಮನಿಯವರ ಅದಾರಪ್ಪ" ಎಂದೆ. ಅವನು ತಡವರಿಸಿ, ಫ್ಯಾನಿನ ಕೆಳಗಿನ ಕುರ್ಚಿಗಳನ್ನೇ ಕೊಡಿಸಿದ.

ಇವತ್ತು ಇವಳಿಗೆ ಒಂದು ದೃಶ್ಯವೂ ತಪ್ಪಬಾರದು ಎಂದು ನಾನು ಪಣ ತೊಟ್ಟಿದ್ದೆ. ಹಡಗು ಹೊರಟಿತು. ದ್ವೀಪ ಕಾಣಿಸಿತು. ಪಕ್ಕಕ್ಕೆ ನೋಡಿದರೆ ಪದ್ಮಾ ಕತ್ತು ವಾಲಿಸಿ ನಿದ್ದೆ ಹೋಗಿದ್ದಾಳೆ. ಮರಗಳು ಬಿದ್ದವು, ದಪ್ಪ ಮನುಷ್ಯ ಎಡವಿದ, ಹಲ್ಲಿಯ ಕೂಗಿಗೆ ಮುಂದಿನ ಬೆಂಚಿನವರು ಚೀರಿದರು; ಇವಳು ಮಿಸುಕಲಿಲ್ಲ. ಟಿಕೆಟು ದಂಡವಾಯಿತಲ್ಲ ಎಂದು ಸಂಕಟಪಟ್ಟು, ಎರಡು ಹಲ್ಲಿಗಳು ಕಾದಾಡುವ ಹೊತ್ತಿಗೆ ಭುಜ ಅಲುಗಾಡಿಸಿದೆ. ಅವಳು ಕಣ್ಣು ಪೂರ್ತಿ ತೆರೆಯದೆಯೇ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಎಷ್ಟು ಮಂದಿ ಬಂದಾರ? ಅಕ್ಕಿ ಇನ್ನೊಂದೀಟು ಹಾಕ್ತೀನಿ" ಎಂದಳು.

"ಯಾರೂ ಬಂದಿಲ್ಲ, ಮಲಕ್ಕೋ" ಎಂದು ಕೂಡಿಸಿದೆ. ಮತ್ತೆ ನಿದ್ದೆ ಹೋದಳು. ನನಗೇಕೋ ಕಣ್ಣು ಮಂಜಾಗಿ, ಅಷ್ಟು ಸಲ ನೋಡಿದ ಕಾದಾಟ ಆ ದಿನ ಸರಿಯಾಗಿ ಕಾಣಿಸಲಿಲ್ಲ.

ಮನೆಗೆ ಬಂದಾಗ ಕಾಕಾ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು. "ಹೆಂಗಿತ್ತವ್ವಾ ಸಿನಿಮಾ?"

"ಭಾಳ ಛಲೋ ಅದರೀ ಕಾಕಾ! ಮಂದಿ ಅದನ್ನ ಮತ್ತ ಮತ್ತ ಯಾಕ ನೋಡತಾರಂತ ಈಗ ತಿಳೀತು ನೋಡ್ರಿ. ಮುಂದಿನ ಐತವಾರನೂ ಹೋಗತೀನಿ."

ನನಗೆ ಹಿಗ್ಗೋ ಹಿಗ್ಗು. "ಹೋಗೂಣಂತ, ಅದಕ್ಕೇನು!" ಎಂದೆ.

"ನೀವು ಬ್ಯಾಡ್ರೀ" ಎಂದಳು ಪದ್ಮಾ, ಸೀರೆ ಮಡಚಲು ಒಳಗೆ ಹೋಗುತ್ತ. "ನೀವು ಮನ್ಯಾಗಿದ್ದು ಅಡಗಿ ಮಾಡ್ರಿ. ನೀವು ಬಂದ್ರ ನಡುವ ಎಬ್ಬಸ್ತೀರಿ."