ಮಾವನ ಗಾಜಿನ ಬೀರುವಿನ ಹಿರಿಯರು

ಸಾರಕ್ಕಿ ಜಂಕ್ಷನ್ನಿನಲ್ಲಿ ಪೊಲೀಸರು ಕಾರು ನಿಲ್ಲಿಸಬಹುದಿತ್ತು. ಹಿಂದಿನ ಸೀಟಿನಲ್ಲಿ ಹಳೇ ಸೀರೆ ಸುತ್ತಿಕೊಂಡು, ಬೆಲ್ಟು ಹಾಕಿಕೊಂಡು ಸಾಲಾಗಿ ಕೂತವರು ಯಾರು ಎಂದು ಕೇಳಬಹುದಿತ್ತು. ಗಾಬರಿಯಲ್ಲಿ ನಾನು 'ಫ್ರಾನ್ಸಿನವರು ಸಾರ್' ಎಂದುಬಿಡಬಹುದಿತ್ತು. ಬಿಸಿಲಿಗೆ ಬಾಟಲಿಗಳು ಸಿಡಿಯಬಹುದಿತ್ತು. (ಸಿಡಿಯುತ್ತವೆಯೇ ಎಂದು ಹಿಂದಿನ ದಿನವೇ ಮೊಬೈಲಿನಲ್ಲಿ ಹುಡುಕಿದ್ದೆ. ಇಲ್ಲ ಎಂದಿತ್ತು. ನಂಬಲಿಲ್ಲ.) ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅಸೋಸಿಯೇಷನ್ ಅಧ್ಯಕ್ಷರು ಸಿಗಬಹುದಿತ್ತು. ಎಲ್ಲಕ್ಕಿಂತ ಭಯಂಕರವಾಗಿ, ಸ್ವಾಮಿಗಳು ಒಂದು ಗಂಟೆ ಮೊದಲೇ ಬಂದುಬಿಡಬಹುದಿತ್ತು!

ಇದ್ಯಾವುದೂ ಆಗಲಿಲ್ಲ. ಆದದ್ದು ತೀರಾ ಸಣ್ಣದು. ಅದಕ್ಕೂ ಮೊದಲು ನಮ್ಮ ಸೋದರಮಾವನ ವಿಷಯ ಹೇಳಬೇಕು.

ಇಟ್ಟಮಡುವಿನ ಅವರ ಮನೆಯಲ್ಲಿರುವಂಥ ಬ್ರಾಂದಿ ಇಡೀ ಬನಶಂಕರಿಯ ಯಾವ ಬಾರಿನಲ್ಲೂ ಇಲ್ಲ. ಅದರ ಒಂದು ತೊಟ್ಟೂ ಅವರ ನಾಲಿಗೆಗೆ ಸೋಕಿಲ್ಲ! ಲಿಂಗಪೂಜೆ ಆಗದೆ ಕಾಫಿಯನ್ನೂ ಮುಟ್ಟದ ಮನುಷ್ಯ. ಕೆಮ್ಮಿನ ಸಿರಪ್ಪಿನ ಮೇಲೆ ಆಲ್ಕೋಹಾಲ್ ಎಂದು ಓದಿ, ಅದನ್ನು ಮೆಡಿಕಲ್ ಶಾಪಿಗೆ ವಾಪಸು ಕೊಟ್ಟು ಬಂದು, ಕೆಮ್ಮುತ್ತಲೇ ಬೀರುವಿನ ಬ್ರಾಂದಿ ಬಾಟಲಿಗಳನ್ನು ಒರೆಸುತ್ತಾರೆ. ದಂಡು ಪ್ರದೇಶದಲ್ಲಿ ಹಳೇ ಬಂಗಲೆಯೊಂದನ್ನು ಕೆಡವುತ್ತಾರೆಂದು ತಿಳಿದರೆ ಸಾಕು, ವಿಭೂತಿ ಧರಿಸಿ ಮೊದಲ ಬಸ್ಸು ಹತ್ತುತ್ತಾರೆ. ನೆಲಮಾಳಿಗೆಯ ಕತ್ತಲಲ್ಲಿ ಅರಗಿನ ಮುದ್ರೆ ಒಡೆಯದೆ ಉಳಿದ ಫ್ರೆಂಚ್ ಬಾಟಲಿ ಸಿಕ್ಕರೆ, ನಿಧಿ ಸಿಕ್ಕವರಂತೆ ಎದೆಗವಚಿಕೊಂಡು ಬರುತ್ತಾರೆ. ಇದನ್ನು ಏನೆಂದು ಅರ್ಥ ಮಾಡಿಕೊಳ್ಳುವುದು ಹೇಳಿ? ನನಗಂತೂ ಐವತ್ತು ದಾಟಿದರೂ ಆಗಿಲ್ಲ.

ಕೇಳಿದರೆ ಪ್ರತಿಸಲವೂ ಬೇರೆ ಉತ್ತರ. ಒಮ್ಮೆ "ಆ ಗಾಜಿನ ಬಣ್ಣ ನೋಡೋ" ಎಂದರು. ಇನ್ನೊಮ್ಮೆ, "ಇದನ್ನ ಪೀಪಾಯಿಗೆ ತುಂಬಿದೋನು ತಾನು ಕುಡೀತೀನಿ ಅಂತ ತುಂಬಿಲ್ಲ ಕಣೋ. ಮೊಮ್ಮಕ್ಕಳಿಗೆ ಇರ್ಲಿ ಅಂತ ತುಂಬಿರೋದು."

"ನೀವು ಯಾರ ಮೊಮ್ಮಗ ಮಾವಾ?"

"ತಲೆಹರಟೆ!"

ಬಾಟಲಿಗಳನ್ನು ಅಡ್ಡ ಇಡುವಂತಿಲ್ಲ. ಒಳಗಿನ ಬ್ರಾಂದಿ ಬಿರಡೆಯನ್ನು ತಿಂದುಹಾಕುತ್ತದಂತೆ. "ಕುಡಿದೋರು ಮಲಗ್ತಾರೆ, ಬಾಟ್ಲಿ ನಿಂತಿರ್ಬೇಕು" ಎನ್ನುವುದು ಮಾವನ ಶಾಸನ. ಎಲ್ಲಕ್ಕಿಂತ ಹಳೆಯದಾದ, ಮಸಿಬಣ್ಣದ ಒಂದು ಬಾಟಲಿಗೆ 'ಹಿರಿಯರು' ಎಂದು ಹೆಸರು. ನನಗೆ ಏಕವಚನ, ಅದಕ್ಕೆ ಬಹುವಚನ! ಪಕ್ಕದ ಮನೆಯ ನಿವೃತ್ತ ಎಂಜಿನಿಯರು ಒಂದು ಸಂಜೆ ಮಸಾಲೆ ಕಡ್ಲೆಬೀಜದ ಪೊಟ್ಟಣ ಹಿಡಿದು ಆಸೆಯಿಂದ ಬಂದಿದ್ದರು. ಮಾವ ಪ್ರತಿ ಬಾಟಲಿಯ ವಂಶಾವಳಿ ಹೇಳಿ, ಕೊನೆಗೆ ಒಳಗೆ ಕೂಗಿದರು: "ಲೇ, ಸಾಹೇಬರಿಗೆ ಮಜ್ಜಿಗೆ ಕೊಡು!" ಅವರು ಕಡ್ಲೆಬೀಜ ವಾಪಸು ತೆಗೆದುಕೊಂಡು ಹೋದರು.

ಈ ಎಲ್ಲವನ್ನೂ ಸಹಿಸಿಕೊಂಡವರು ನಮ್ಮತ್ತೆ. ಅವರಿಗೆ ಈಗ ಬೇರೆಯದೇ ಕಷ್ಟ. ಆ ಹಾಳು ಕೊರೊನಾ ಜ್ವರ ಬಂದುಹೋದ ಮೇಲೆ ಮೂಗು ಸತ್ತುಹೋಗಿದೆ. ಸಾರು ಸೀದರೂ ತಿಳಿಯದು, ಮಲ್ಲಿಗೆ ಮುಡಿದರೂ ತಿಳಿಯದು. ದಿನಾ ಲವಂಗ, ನಿಂಬೆಹಣ್ಣು ಮೂಸುತ್ತಿರಿ ಎಂದು ಡಾಕ್ಟರು ಹೇಳಿದ್ದಾರೆ. ಬೆಳಗಾದರೆ ಮಾವ ಲವಂಗವನ್ನು ಅತ್ತೆಯ ಮೂಗಿನ ಕೆಳಗೆ ಹಿಡಿಯುತ್ತಾರೆ.

"ಬಂತಾ?"

"ಇಲ್ಲ ರೀ."

ಇಷ್ಟಾದ ಮೇಲೆ ಪೇಪರು.

ಹೀಗಿರುವಾಗ ಮಠದ ಸ್ವಾಮಿಗಳು ಪಾದಪೂಜೆಗೆ ಒಪ್ಪಿದರು. ಅತ್ತೆ ಒಂದೇ ಮಾತು ಹೇಳಿದರು: "ಅವರ ಪಾದ ಬೀಳೋ ಮನೇಲಿ ಅವು ಇರ್ಕೂಡ್ದು. ಇದ್ರೆ ನಾನಿರಲ್ಲ." ಮಾವ ನನ್ನನ್ನು ಕರೆಸಿದರು. ಬಾಟಲಿಗಳನ್ನು ಜೆ.ಪಿ. ನಗರದ ನಮ್ಮ ಮನೆಗೆ ಸಾಗಿಸಿ, ಪೂಜೆ ಮುಗಿದ ಮೇಲೆ ವಾಪಸು ತರುವ ಹೊಣೆ ನನ್ನದಾಯಿತು. ಅತ್ತೆಯ ಹಳೇ ಇಳಕಲ್ ಸೀರೆಗಳನ್ನು ಸುತ್ತಿದ್ದು ಮಾವನೇ. "ಹಂಪ್ ಬಂದ್ರೆ ನಂಗೆ ಫೋನ್ ಮಾಡು" ಎಂದರು. ಫೋನು ಮಾಡಿದರೆ ಅವರೇನು ಹಂಪ್ ಎತ್ತಿಡುತ್ತಾರೆಯೇ? ಕೇಳಲಿಲ್ಲ. ಎರಡು ಸಲ ಮಾಡಿದೆ.

ಪಾದಪೂಜೆ ಸಾಂಗವಾಗಿ ನಡೆಯಿತು. ನಾನು ಬೆವರುತ್ತಾ ಕೂತಿದ್ದೆ. ಸ್ವಾಮಿಗಳ ಕಣ್ಣು ಖಾಲಿ ಬೀರುವಿನ ಮೇಲೆ ಬಿತ್ತು.

"ಇಷ್ಟು ಚೆಂದದ ಗಾಜಿನ ಬೀರು, ಖಾಲಿ ಯಾಕೆ?"

ಮಾವ ಸುಳ್ಳು ಹೇಳುವವರಲ್ಲ. "ಬುದ್ಧೀ, ಅವರೆಲ್ಲ ಜೆ.ಪಿ. ನಗರಕ್ಕೆ ಹೋಗಿದಾರೆ" ಎಂದರು. ಸ್ವಾಮಿಗಳು ಗೊಂದಲಕ್ಕೆ ಬಿದ್ದು, ಅಕ್ಷತೆ ಹಾಕಿ ಎದ್ದರು.

ಎಲ್ಲರೂ ಹೋದ ಮೇಲೆ ಅತ್ತೆ ಧೂಪದ ಹೊಗೆಯನ್ನು ಎರಡೂ ಕೈಯಲ್ಲಿ ಮುಖಕ್ಕೆಳೆದುಕೊಳ್ಳುತ್ತಾ, "ಇವತ್ತಾದ್ರೂ ಬರುತ್ತೆ ಅಂದ್ಕೊಂಡಿದ್ದೆ ಕಣಪ್ಪ" ಎಂದು ಅಡುಗೆಮನೆಗೆ ಹೋದರು.

ಸಂಜೆ ಬಾಟಲಿಗಳನ್ನು ವಾಪಸು ತಂದೆ. ಒಂದಕ್ಕೂ ಗೀರಿಲ್ಲ! ಮಾವ ಒಂದೊಂದನ್ನೇ ಬಿಚ್ಚಿ ಬೀರುವಿಗೇರಿಸಿದರು. ಕೊನೆಗೆ ಹಿರಿಯರು. ಸೀರೆ ಸೆರಗಿನ ಎಳೆಯೊಂದು ಅರಗಿಗೆ ಸಿಕ್ಕಿಕೊಂಡಿತ್ತು. ಮಾವ ಮೆಲ್ಲಗೆ ಎಳೆದರು. ಒಣಗಿದ ಅರಗು ಹಪ್ಪಳದಂತೆ ಉದುರಿತು, ಬಿರಡೆ ಅರ್ಧಕ್ಕೆ ಮುರಿದು ಕೈಗೆ ಬಂತು, ಹತ್ತಾರು ಹನಿ ಅವರ ಬಿಳಿ ಪಂಚೆಯ ಮೇಲೆ ಚೆಲ್ಲಿತು.

ನಾನು ಕಣ್ಣು ಮುಚ್ಚಿಕೊಂಡೆ. ಮಾವನ ಎದೆಬಡಿತಕ್ಕೆ ಯಾವ ಆಸ್ಪತ್ರೆ ಹತ್ತಿರ ಎಂದು ಲೆಕ್ಕ ಹಾಕತೊಡಗಿದೆ.

ಒಳಗಿನಿಂದ ಅತ್ತೆಯ ದನಿ: "ಯಾರ್ರೀ ಅದು, ಹಲಸಿನಹಣ್ಣು ತಂದಿರೋದು?"

ಅತ್ತೆ ಸೌಟು ಹಿಡಿದೇ ಹೊರಗೆ ಬಂದರು. ಬಂದವರು ಹಾಗೇ ನಿಂತರು. ಮಾವ ಮುರಿದ ಬಿರಡೆಯನ್ನು, ದಿನಾ ಲವಂಗ ಹಿಡಿಯುವ ಹಾಗೇ, ಅವರ ಮೂಗಿನ ಕೆಳಗೆ ಹಿಡಿದರು.

"ಬಂತಾ?"

"ಬಂತು ರೀ." ಅತ್ತೆ ಬಿರಡೆಯನ್ನು ಕೈಗೆ ತೆಗೆದುಕೊಂಡರು. "ಹಣ್ಣಿನ ಥರ. ಬಿಸಿಬಿಸಿ."

ಮುದ್ರೆಯ ಮೇಲೆ ನಮ್ಮ ಉಸಿರು ತಾಗಿದರೂ ಗದರುತ್ತಿದ್ದ ಮಾವ ಬೀರುವಿನ ಕಡೆ ತಿರುಗಿದರು. "ಇನ್ನೊಂದು ತೆಗೀಲಾ? ಯಾವ್ದು ಬೇಕು ಹೇಳು."

"ಸುಮ್ನಿರಿ! ಈ ಟ್ರಾಫಿಕ್ಕಲ್ಲಿ ಸ್ವಾಮಿಗಳ ಕಾರು ಇನ್ನೂ ಸಾರಕ್ಕಿ ದಾಟಿರಲ್ಲ" ಎಂದರು ಅತ್ತೆ, ಬಿರಡೆಯನ್ನು ಮತ್ತೆ ಮೂಸುತ್ತಾ.

ಮಾರನೆಯ ದಿನ ಲವಂಗದ ವಾಸನೆಯೇನೂ ಬರಲಿಲ್ಲವಂತೆ. ಒಟ್ಟಿನಲ್ಲಿ ನಡೆದ ಅನಾಹುತ ಇಷ್ಟೇ: ಒಂದು ಬಿರಡೆ ಮುರಿಯಿತು. ಅದೀಗ ಅತ್ತೆಯ ಸೆರಗಿನ ಗಂಟಿನಲ್ಲಿದೆ.